ಹೊರದೇಶಕ್ಕೆ ಅಂಚೆಯಲ್ಲಿ ತೋಟದ ಬೀಜ: ಕಾನೂನಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೀಜ ವಿನಿಮಯ ಮಾಡುವವರು ಪತ್ರಗಳಲ್ಲಿ, ಮಾತುಕತೆಯಲ್ಲಿ ಮತ್ತೆ ಮತ್ತೆ ಎತ್ತುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಮಾಡಿದ್ದೇವೆ. ಮೊದಲ ಸಲ ಕಳಿಸುವವರಿಗೆ ಬೇಕಾದ್ದು ಮೊದಲಿಗಿದೆ, ತೊಡಕಿನ ವಿಷಯಗಳು ಕೊನೆಗಿವೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಿಕೊಳ್ಳಬಹುದು. ಆಮದು ಷರತ್ತುಗಳು ಆಗಾಗ ಬದಲಾಗುತ್ತವೆ, ಹಾಗಾಗಿ ಕವರಿಗೆ ಅಂಟು ಹಚ್ಚುವ ಮುಂಚೆ ಆ ವಾರದ ನಿಯಮ ಏನಿದೆ ಎಂದು ನೋಡಿಬಿಡಿ.

## ಮೊದಲ ಸಲ ಕಳಿಸುವವರಿಗೆ

ಬರೀ ಹತ್ತು ಕಾಳು ಟೊಮ್ಯಾಟೊ ಬೀಜ. ಅದಕ್ಕೂ ಕಾನೂನಾ?

ಹೌದು, ಅದಕ್ಕೂ ಇದೆ. ಬೀಜದ ಜೊತೆ ರೋಗವೂ ಪ್ರಯಾಣ ಮಾಡುತ್ತದೆ, ಅದಕ್ಕೆ ಹತ್ತು ಕಾಳೇ ಧಾರಾಳ ಸಾಕು. ಟೊಮ್ಯಾಟೊ ಬ್ರೌನ್ ರುಗೋಸ್ ಫ್ರೂಟ್ ವೈರಸ್ಸನ್ನೇ ತೆಗೆದುಕೊಳ್ಳಿ. ಇಸ್ರೇಲ್ ಮತ್ತು ಜೋರ್ಡಾನಿನಲ್ಲಿ 2014-15ರ ಸುಮಾರಿಗೆ ಕಾಣಿಸಿಕೊಂಡ ಇದು ಕೆಲವೇ ವರ್ಷಗಳಲ್ಲಿ ಹಲವು ಖಂಡಗಳಿಗೆ ಹರಡಿತು. ಬೀಜದ ಹೊರಸಿಪ್ಪೆಗೆ ಅಂಟಿಕೊಂಡು ಬರುವ ಈ ವೈರಸ್ ಬರಿಗಣ್ಣಿಗೆ ಕಾಣುವುದಿಲ್ಲ. ಸಸಿ ಮುಟ್ಟಿದ ಕೈ, ಕತ್ತರಿ, ಬಟ್ಟೆಯ ಮೂಲಕ ಇಡೀ ಪಾತಿಗೆ ಹತ್ತುತ್ತದೆ.

ಇಂಥ ಹರಡುವಿಕೆಯನ್ನು ತಡೆಯಲೆಂದೇ 1951ರಲ್ಲಿ ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಪ್ಪಂದ ಆಯಿತು. ಇವತ್ತು 180ಕ್ಕೂ ಹೆಚ್ಚು ದೇಶಗಳು ಅದರಲ್ಲಿವೆ. ಸಸ್ಯ ಸಂರಕ್ಷಣೆಗೆಂದು ಒಂದು ಅಧಿಕೃತ ಸರ್ಕಾರಿ ಸಂಸ್ಥೆಯನ್ನು ಪ್ರತಿ ಸದಸ್ಯ ದೇಶವೂ ನಡೆಸಬೇಕು. ಗಡಿಯಲ್ಲಿ ನಿಮ್ಮ ಬೀಜದ ಪೊಟ್ಟಣ ತೆರೆದು ನೋಡುವವರು ಆ ಸಂಸ್ಥೆಯವರು ಅಥವಾ ಅವರ ಪರವಾಗಿ ಕೆಲಸ ಮಾಡುವ ಕಸ್ಟಮ್ಸ್‌ನವರು.

ನಾನು ಇರುವ ದೇಶದ ನಿಯಮ ನೋಡಬೇಕಾ, ಅವರು ಇರುವ ದೇಶದ್ದಾ?

ಎರಡೂ ಬೇಕು. ಮೊದಲು ನೋಡಬೇಕಾದ್ದು ಬೀಜ ತಲುಪುವ ದೇಶದ್ದು. ಯಾವ ಜಾತಿಗೆ ಪ್ರವೇಶ ಇದೆ, ಯಾವ ಕಾಗದ ಬೇಕು, ಎಷ್ಟು ಪ್ರಮಾಣ ಎಂದು ತೀರ್ಮಾನಿಸುವುದು ಆ ದೇಶವೇ. ಕಳಿಸುವ ದೇಶದ ಕಾನೂನು ಮುಖ್ಯವಾಗಿ ರಫ್ತು ನಿರ್ಬಂಧಗಳಿಗೆ ಸಂಬಂಧಿಸಿದ್ದು: ಸಂರಕ್ಷಿತ ಜಾತಿಗಳು, ಸ್ಥಳೀಯ ತಳಿ ಸಂಪನ್ಮೂಲ, ಅಂಚೆಯಲ್ಲಿ ನಿಷೇಧವಿರುವ ವಸ್ತುಗಳು.

ಕೆಲವು ದೇಶಗಳ ಒಳಗೇ ಇನ್ನೊಂದು ಗಡಿ ಇರುವುದೂ ಉಂಟು. ಆಸ್ಟ್ರೇಲಿಯಾದ ಒಳಗೆ ಪಶ್ಚಿಮ ಆಸ್ಟ್ರೇಲಿಯಾ ರಾಜ್ಯಕ್ಕೆ ತನ್ನದೇ ಅನುಮತಿ ಪಟ್ಟಿ ಇದೆ, ದೇಶಕ್ಕೆ ಪ್ರವೇಶ ಸಿಕ್ಕ ಬೀಜಕ್ಕೆ ಆ ರಾಜ್ಯದಲ್ಲಿ ಸಿಗದೆ ಹೋಗಬಹುದು. ಪಡೆಯುವವರ ಪೂರ್ತಿ ವಿಳಾಸ ಕೇಳಿಕೊಂಡ ಮೇಲೆಯೇ ನಿಯಮ ಹುಡುಕಿ.

ಫೈಟೋ ಫೈಟೋ ಅಂತಾರಲ್ಲ, ಅದು ಏನು? ಎಲ್ಲಿ ಸಿಗುತ್ತೆ?

ಫೈಟೋಸ್ಯಾನಿಟರಿ ಸರ್ಟಿಫಿಕೇಟ್, ಅಂದರೆ ಸಸ್ಯ ಆರೋಗ್ಯ ಪ್ರಮಾಣಪತ್ರ. ಈ ಬೀಜಗಳನ್ನು ಪರಿಶೀಲಿಸಿದ್ದೇವೆ, ತಲುಪುವ ದೇಶದ ಷರತ್ತಿಗೆ ಇವು ಹೊಂದುತ್ತವೆ ಎಂದು ಕಳಿಸುವ ದೇಶದ ಅಧಿಕೃತ ಸಸ್ಯ ಸಂರಕ್ಷಣಾ ಸಂಸ್ಥೆ ಕೊಡುವ ಕಾಗದ ಅದು. ಬೀಜ ಮಾರುವವರ ಬಿಲ್ಲು, ಮೊಳಕೆ ಪರೀಕ್ಷೆಯ ವರದಿ, ಸಾವಯವ ಪ್ರಮಾಣಪತ್ರ ಯಾವುದೂ ಇದರ ಬದಲಿಗೆ ನಡೆಯುವುದಿಲ್ಲ.

ಪಡೆಯುವ ಕ್ರಮ ಹೀಗೆ. ತಲುಪುವ ದೇಶದ ಷರತ್ತನ್ನು ಮುದ್ರಿಸಿಕೊಳ್ಳಿ. ಬೀಜದ ಪೂರ್ತಿ ಸಸ್ಯಶಾಸ್ತ್ರೀಯ ಹೆಸರು, ತೂಕ, ಬೆಳೆದ ಸ್ಥಳ, ಇಬ್ಬರ ವಿಳಾಸ ತುಂಬಿ ಅರ್ಜಿ ಹಾಕಿ. ಬೀಜವನ್ನು ತಪಾಸಣೆಗೆ ಒಯ್ಯಿರಿ. ಪೊಟ್ಟಣ ಮಾತ್ರ ಅಂಟಿಸಬೇಡಿ, ಅವರು ತೆರೆದು ನೋಡಬೇಕು. ಕೆಲವು ಬೆಳೆಗೆ ಪ್ರಯೋಗಾಲಯ ಪರೀಕ್ಷೆಯೂ ಸೇರುತ್ತದೆ, ಆಗ ದಿನಗಳ ಬದಲು ವಾರಗಳು ಹಿಡಿಯಬಹುದು. ಕೈಗೆ ಬಂದ ಮೂಲ ಪ್ರತಿ ಪಾರ್ಸೆಲ್ ಜೊತೆಗೇ ಹೋಗಬೇಕು. ಅದನ್ನು ಹೊರಗಿನ ಪಾರದರ್ಶಕ ಚೀಲದಲ್ಲಿಡಿ, ಒಂದು ನಕಲನ್ನು ಒಳಗೆ ಹಾಕಿ. ಹಲವು ದೇಶಗಳು ಈಗ ಇ-ಫೈಟೋ ಎಂಬ ಎಲೆಕ್ಟ್ರಾನಿಕ್ ರೂಪವನ್ನೂ ಪರಸ್ಪರ ಒಪ್ಪುತ್ತವೆ.

ಎರಡು ಪೊಟ್ಟಣ ಬೀಜಕ್ಕೆ ಶುಲ್ಕ ಬೀಜದ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚಾಗುವುದು ಸಾಮಾನ್ಯ. ಹಾಗಾಗಿ ಒಂದೇ ವಿಳಾಸಕ್ಕೆ ಹೋಗುವ ಬೀಜಗಳನ್ನೆಲ್ಲ ಸೇರಿಸಿ ಒಂದೇ ಪ್ರಮಾಣಪತ್ರದಲ್ಲಿ ಕಳಿಸಿ.

ಆಮದು ಪರ್ಮಿಟ್ ಇದೆ ಅಂದ್ರೆ ಫೈಟೋ ಬೇಡವಲ್ಲ?

ಎರಡೂ ಬೇರೆ ಬೇರೆ. ಪರ್ಮಿಟ್ಟನ್ನು ಬೀಜ ಪಡೆಯುವವರು ತಮ್ಮ ದೇಶದಲ್ಲಿ, ಬೀಜ ಹೊರಡುವ ಮುಂಚೆ ಪಡೆಯಬೇಕು. ಫೈಟೋವನ್ನು ಕಳಿಸುವವರು ತಮ್ಮ ದೇಶದಲ್ಲಿ ಪಡೆಯಬೇಕು. ಕೆಲವು ಕಡೆ ಒಂದೇ ಸಾಕು, ಕೆಲವು ಕಡೆ ಎರಡೂ ಬೇಕು. ಎರಡೂ ಬೇಕಿದ್ದರೆ ಪರ್ಮಿಟ್ ಮೊದಲಾಗಬೇಕು, ಏಕೆಂದರೆ ಅದರಲ್ಲಿ ಬರೆದ ಹೆಚ್ಚುವರಿ ಘೋಷಣೆಯ ವಾಕ್ಯವನ್ನು (ಬೀಜ ಇಂಥ ರೋಗದಿಂದ ಮುಕ್ತ ಎಂಬಂಥದ್ದು) ಫೈಟೋದಲ್ಲಿ ಇದ್ದ ಹಾಗೆಯೇ ಪದಶಃ ಹಾಕಬೇಕಾಗುತ್ತದೆ. ಇದು ಹಿಂದುಮುಂದಾದರೆ ಪ್ರಮಾಣಪತ್ರವನ್ನೇ ಮತ್ತೆ ಮಾಡಿಸಬೇಕು.

ಬಿತ್ತನೆಗಲ್ಲ, ಅಡುಗೆಗೆ ಅಂತ ಬರೆದರೆ ಸುಲಭವಾಗಿ ಹೋಗುತ್ತಂತೆ?

ಬಹಳ ದೇಶಗಳಲ್ಲಿ ಅಡುಗೆಯ ಕಾಳಿಗೂ ಬಿತ್ತನೆಯ ಬೀಜಕ್ಕೂ ಬೇರೆ ಬೇರೆ ನಿಯಮವಿದೆ ಎಂಬುದು ನಿಜ. ಗಾಣಕ್ಕೋ ಪಾತ್ರೆಗೋ ಹೋಗುವ ಕಾಳಿನ ಅಪಾಯ ಕಡಿಮೆ, ಮಣ್ಣಿಗೆ ಬೀಳುವ ಬೀಜದ ಅಪಾಯ ಹೆಚ್ಚು. ಬಿತ್ತಲೆಂದೇ ಕಳಿಸಿ ಅಡುಗೆಗೆ ಎಂದು ಬರೆಯುವುದು ಸುಳ್ಳು ಘೋಷಣೆ. ತಳಿಯ ಹೆಸರು ಬರೆದ ಇಪ್ಪತ್ತು ಪುಟ್ಟ ಪೊಟ್ಟಣ ನೋಡಿದ ಯಾವ ತಪಾಸಣಾಧಿಕಾರಿಯೂ ಅದನ್ನು ಅಡುಗೆ ಸಾಮಾನು ಎಂದು ನಂಬುವುದಿಲ್ಲ. ಮಣಿ, ಕರಕುಶಲ ವಸ್ತು, ಶುಭಾಶಯ ಪತ್ರ ಎಂದು ಬರೆಯುವುದಕ್ಕೂ ಇದೇ ಮಾತು. ಕಾಗದವಿಲ್ಲದೆ ಕಳಿಸಿದ್ದು ಒಂದು ತಪ್ಪಾದರೆ ಸುಳ್ಳು ಬರೆದದ್ದು ಇನ್ನೊಂದು, ಮೊದಲನೆಯದು ಗೊತ್ತಿಲ್ಲದೆ ಆಯಿತು ಎನ್ನಬಹುದು, ಎರಡನೆಯದನ್ನು ಹಾಗೆನ್ನಲಾಗದು.

## ಬೀಜ ಸಿದ್ಧತೆ, ಪ್ಯಾಕಿಂಗ್, ಅಂಚೆ ಫಾರಂ

ಬೀಜವನ್ನು ಹೇಗೆ ಶುಚಿ ಮಾಡಿ ಪ್ಯಾಕ್ ಮಾಡಬೇಕು?

ಮಣ್ಣು, ಎಲೆ ಚೂರು, ಹೊಟ್ಟು, ಒಣಗಿದ ತಿರುಳು ಏನೂ ಇರಬಾರದು. ಮಣ್ಣಿನ ಒಂದು ಹರಳು ಸಿಕ್ಕರೂ ಪೊಟ್ಟಣ ಪೂರ್ತಿ ತಿರಸ್ಕೃತವಾಗಬಹುದು, ಏಕೆಂದರೆ ಮಣ್ಣಿನ ಆಮದಿಗೆ ಬಹುತೇಕ ಎಲ್ಲ ಕಡೆ ನಿಷೇಧವಿದೆ. ಟೊಮ್ಯಾಟೊ, ಸೌತೆಯಂಥ ತಿರುಳಿನ ಬೀಜವನ್ನು ಎರಡು ಮೂರು ದಿನ ಹುಳಿಯಿಸಿ, ತೊಳೆದು, ನೆರಳಲ್ಲಿ ಒಣಗಿಸಿ. ತಿರುಳಿನ ಪೊರೆ ಉಳಿದರೆ ಬೀಜಗಳು ಒಂದಕ್ಕೊಂದು ಅಂಟಿಕೊಂಡು ದಾರಿಯಲ್ಲೇ ಬೂಸ್ಟು ಹಿಡಿಯುತ್ತವೆ. ಹೂವಿನ ಗಿಡಗಳ ಬೀಜವನ್ನು ಎರಡು ಅಳತೆಯ ಜರಡಿಯಲ್ಲಿ ಹಿಡಿಯಿರಿ: ಬೀಜಕ್ಕಿಂತ ದೊಡ್ಡ ಕಸ ಮೊದಲನೆಯದರಲ್ಲಿ ನಿಲ್ಲುತ್ತದೆ, ಕಳೆಬೀಜ ಮತ್ತು ಪುಡಿ ಎರಡನೆಯದರಲ್ಲಿ ಉದುರುತ್ತದೆ.

ಅವರೆ, ಅಲಸಂದೆ, ಹುರುಳಿಯಂಥ ದ್ವಿದಳ ಕಾಳುಗಳಲ್ಲಿ ಹುಳದ ಕಾಟ ಹೆಚ್ಚು. ಹೊರಡುವ ದಿನ ಚೆನ್ನಾಗಿಯೇ ಕಂಡ ಕಾಳಿನ ಒಳಗೆ ಹುಳದ ಮರಿ ಇರುತ್ತದೆ, ಮೂರು ವಾರ ಕಳೆದು ತಪಾಸಣೆ ಮೇಜಿನ ಮೇಲೆ ಹುಳ ಹೊರಬರುತ್ತದೆ. ಚೆನ್ನಾಗಿ ಒಣಗಿದ ಕಾಳನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಮೈನಸ್ 18 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಒಂದು ವಾರ ಇಡಿ. ಹೊರತೆಗೆದ ಮೇಲೆ ಡಬ್ಬಿ ಕೋಣೆಯ ಬಿಸಿಗೆ ಬರುವ ತನಕ ಮುಚ್ಚಳ ತೆಗೆಯಬೇಡಿ, ತೆಗೆದರೆ ಬೀಜದ ಮೇಲೆ ಹನಿಗೂಡುತ್ತದೆ. ಹಸಿ ಕಾಳನ್ನು ಹೀಗೆ ಮಾಡಿದರೆ ಮೊಳಕೆಯೇ ಸಾಯುತ್ತದೆ. ಆಮೇಲೆ ತೂತು ಬಿದ್ದ ಕಾಳುಗಳನ್ನು ಒಂದೊಂದಾಗಿ ಆರಿಸಿ ತೆಗೆಯಿರಿ.

ಪೊಟ್ಟಣ ಹೊಸದಿರಲಿ. ಹಳೆಯ ಕವರು, ಹತ್ತಿ, ಒಣಹುಲ್ಲು ತುಂಬಬೇಡಿ. ಜಿಪ್ ಇರುವ ಪಾರದರ್ಶಕ ಪೊಟ್ಟಣವಾದರೆ ತಪಾಸಣೆ ಮಾಡುವವರಿಗೆ ತೆರೆದು ಮುಚ್ಚಲು ಸುಲಭ. ಅಂಚೆಯ ವಿಂಗಡಣಾ ಯಂತ್ರದ ಉರುಳೆಗಳ ನಡುವೆ ದಪ್ಪ ಕಾಳು ಪುಡಿಯಾಗುವುದರಿಂದ ಗುಳ್ಳೆ ಹಾಳೆ ಸುತ್ತಿದ ದಪ್ಪ ಕವರ್ ಬೇಕು.

ಲೇಬಲ್ ಮೇಲೆ ಊರಿನ ಹೆಸರು ಬರೆದರೆ ಸಾಲದಾ?

ಸಾಲದು. ತಪಾಸಣೆಯ ಪಟ್ಟಿಗಳೆಲ್ಲ ಸಸ್ಯಶಾಸ್ತ್ರೀಯ ಹೆಸರಿನ ಮೇಲೆ ನಡೆಯುತ್ತವೆ. ಕುಲ ಮತ್ತು ಜಾತಿ ಎರಡನ್ನೂ ಲ್ಯಾಟಿನ್ ಲಿಪಿಯಲ್ಲಿ ಬರೆಯಿರಿ, ಸಾಧ್ಯವಾದರೆ ಮುದ್ರಿಸಿ. ಬರೀ ‘ಮಿಶ್ರ ಹೂವಿನ ಬೀಜ’ ಎಂದು ಬರೆದ ಪೊಟ್ಟಣ ನಾಶವಾಗುವುದೇ ಹೆಚ್ಚು, ಒಳಗೆ ಏನಿದೆ ಎಂದು ಯಾರೂ ಖಾತ್ರಿಪಡಿಸಲಾರರು. ಹೆಸರು ಬದಲಾದ ಗಿಡಗಳಿಗೆ ಹಳೆಯ ಹೆಸರನ್ನೂ ಪಕ್ಕದಲ್ಲಿ ಬರೆಯಿರಿ: ಟೊಮ್ಯಾಟೊ ಕೆಲವು ಪಟ್ಟಿಗಳಲ್ಲಿ ಸೋಲಾನಮ್ ಲೈಕೊಪರ್ಸಿಕಮ್ ಎಂದಿದ್ದರೆ ಇನ್ನು ಕೆಲವದರಲ್ಲಿ ಲೈಕೊಪರ್ಸಿಕಾನ್ ಎಸ್ಕುಲೆಂಟಮ್ ಎಂದಿರುತ್ತದೆ. ಬೀಜ ಬೆಳೆದ ದೇಶ, ಕಳಿಸುವವರ ಹೆಸರು, ತೂಕ ಅಥವಾ ಕಾಳಿನ ಸಂಖ್ಯೆಯೂ ಇರಲಿ.

ಕಸ್ಟಮ್ಸ್ ಫಾರಂನಲ್ಲಿ ಏನು ಬರೆಯೋದು?

ಅಂಚೆಯಲ್ಲಿ ಎರಡು ಫಾರಂ ಚಾಲ್ತಿಯಲ್ಲಿವೆ. ಚಿಕ್ಕ, ಕಡಿಮೆ ಬೆಲೆಯ ಪಾಕೆಟ್ಟಿಗೆ ಸಿಎನ್ 22, ಹೆಚ್ಚು ಬೆಲೆಯದಕ್ಕೆ ಮತ್ತು ಪಾರ್ಸೆಲ್ಲಿಗೆ ಸಿಎನ್ 23. ವಿವರದ ಜಾಗದಲ್ಲಿ ‘ಬಿತ್ತನೆ ಬೀಜ’ ಎಂಬುದನ್ನು, ಸಸ್ಯಶಾಸ್ತ್ರೀಯ ಹೆಸರನ್ನು, ತೂಕವನ್ನು ಬರೆಯಿರಿ. ‘ಉಡುಗೊರೆ’ ಗುರುತು ಹಾಕಿದರೆ ಸುಂಕದಲ್ಲಿ ರಿಯಾಯಿತಿ ಸಿಗಬಹುದು, ಸಸ್ಯ ಆರೋಗ್ಯದ ನಿಯಮದಿಂದ ಮಾತ್ರ ವಿನಾಯಿತಿ ಇಲ್ಲ. ಬೆಲೆಯ ಕಾಲಮ್ಮಿನಲ್ಲಿ ಸೊನ್ನೆ ಬರೆದರೆ ಫಾರಂ ವಾಪಸ್ ಬರುತ್ತದೆ, ಸಮಂಜಸವಾದ ಒಂದು ಮೊತ್ತ ಹಾಕಿ.

ಎಚ್‌ಎಸ್ ಸಂಖ್ಯೆ, ಅಂದರೆ ಸರಕಿನ ವರ್ಗ ತಿಳಿಸುವ ಕಸ್ಟಮ್ಸ್ ಸಂಖ್ಯೆಯಲ್ಲಿ, ತುಂಬಾ ಜನ ಎಡವುತ್ತಾರೆ. ಬಿತ್ತನೆ ಬೀಜದ ಶೀರ್ಷಿಕೆ 1209: ತರಕಾರಿ ಬೀಜ 1209.91, ಹೂವಿನ ಗಿಡಗಳದ್ದು 1209.30. ಬಿತ್ತಲೆಂದೇ ಕಳಿಸಿದರೂ ಒಣಗಿದ ದ್ವಿದಳ ಕಾಳು 0713ಕ್ಕೆ, ಬಿತ್ತನೆ ಮೆಕ್ಕೆಜೋಳ 1005ಕ್ಕೆ, ಸೂರ್ಯಕಾಂತಿ 1206ಕ್ಕೆ ಸೇರುತ್ತವೆ. 2021ರ ಜನವರಿ 1ರಿಂದ ಸರಕು ಇರುವ ಅಂತರರಾಷ್ಟ್ರೀಯ ಅಂಚೆಗೆ ಈ ವಿವರಗಳನ್ನು ಮುಂಚಿತವಾಗಿ ಎಲೆಕ್ಟ್ರಾನಿಕ್ ರೂಪದಲ್ಲಿ ಕಳಿಸುವುದು ಕಡ್ಡಾಯವಾಗಿರುವುದರಿಂದ, ಕೈಬರಹದ ಚೀಟಿ ಅಂಟಿಸಿ ಡಬ್ಬಿಗೆ ಹಾಕುವ ಕಾಲ ಮುಗಿಯಿತು.

ಮೊಳೆಯಲೆಂದು ಒದ್ದೆ ಪಾಚಿಯಲ್ಲಿಟ್ಟು ತಂಪು ಕೊಟ್ಟ ಬೀಜ ಕಳಿಸಬಹುದಾ?

ಬೇಡ. ಪಾಚಿ, ಮರಳು, ತೆಂಗಿನ ನಾರಿನ ಪುಡಿ ಬೇರೆಯದೇ ಆಮದು ವಸ್ತುಗಳು. ದಾರಿಯಲ್ಲಿ ಬೇರು ಒಡೆದರೆ ಕಾನೂನಿನ ಕಣ್ಣಿಗೆ ಅದು ಬೀಜವಲ್ಲ, ಸಸಿ. ಸಸಿಯ ನಿಯಮ ಎಲ್ಲ ಕಡೆ ಇನ್ನೂ ಬಿಗಿ. ಬೀಜವನ್ನು ಒಣದಾಗಿಯೇ ಕಳಿಸಿ, ತಂಪು ಉಪಚಾರವನ್ನು ಅವರೇ ಮಾಡಿಕೊಳ್ಳಲಿ. ಒಣಗಿಸಿದರೆ ಸಾಯುವ ಬೀಜಗಳು, ಉದಾಹರಣೆಗೆ ಮಾವು, ಹಲಸು, ಓಕ್, ಅಂಚೆಗೆ ಹೇಳಿಮಾಡಿಸಿದವಲ್ಲ.

## ದೇಶದ ನಿಯಮಗಳು

ಅಮೆರಿಕಕ್ಕೆ ಫೈಟೋ ಇಲ್ಲದೆ ಕಳಿಸಬಹುದು ಅಂತಾರೆ, ನಿಜವಾ?

ಷರತ್ತಿನ ಮೇಲೆ ನಿಜ. ಅಮೆರಿಕದ ಕೃಷಿ ಇಲಾಖೆಯ ಸಸ್ಯ ಕ್ವಾರಂಟೈನ್ ವಿಭಾಗ ‘ಸ್ಮಾಲ್ ಲಾಟ್ಸ್ ಆಫ್ ಸೀಡ್’ ಎಂಬ ಪರ್ಮಿಟ್ ಕೊಡುತ್ತದೆ. ಅಲ್ಲಿ ಇರುವವರು ಅದಕ್ಕೆ ಅರ್ಜಿ ಹಾಕಬೇಕು. ಒಂದು ಪೊಟ್ಟಣದಲ್ಲಿ ಒಂದೇ ಸಸ್ಯದ 50 ಕಾಳು ಅಥವಾ 10 ಗ್ರಾಂ ತನಕ, ಒಂದು ಪಾರ್ಸೆಲ್ಲಿನಲ್ಲಿ 50 ಪೊಟ್ಟಣದ ತನಕ ಮಿತಿ. ದಪ್ಪ ಕಾಳಿಗೆ ಮೊದಲ ಅಳತೆ, ಧೂಳಿನಂಥ ಹೂಬೀಜಕ್ಕೆ ಎರಡನೆಯದು ಅನುಕೂಲ. ಔಷಧಿ ಲೇಪಿಸಿದ ಬೀಜಕ್ಕೆ ಇದು ಅನ್ವಯಿಸದು.  ಪರಾವಲಂಬಿ ಸಸ್ಯಗಳು, ನಿಷೇಧಿತ ಕಳೆಗಳು, ಪ್ರತ್ಯೇಕ ಷರತ್ತು ಇರುವ ಜಾತಿಗಳೂ ಹೊರಗೆ. ಟೊಮ್ಯಾಟೊ, ಮೆಣಸಿನಕಾಯಿ ಬೀಜಕ್ಕೆ ಮೇಲೆ ಹೇಳಿದ ವೈರಸ್ಸಿನ ಕಾರಣಕ್ಕೆ 2019ರ ನವೆಂಬರಿನಿಂದ ವಿಶೇಷ ಆದೇಶ ಬಂದಿದೆ, ಅವನ್ನು ಬೇರೆಯಾಗಿಯೇ ವಿಚಾರಿಸಿ.

ತಪ್ಪು ಆಗುವುದು ವಿಳಾಸದಲ್ಲಿ. ಪರ್ಮಿಟ್ ಜೊತೆ ಹಸಿರು-ಹಳದಿ ಬಣ್ಣದ ವಿಳಾಸ ಚೀಟಿ ಬರುತ್ತದೆ, ಅದರ ಮೇಲೆ ತಪಾಸಣಾ ಕೇಂದ್ರದ ವಿಳಾಸ ಇರುತ್ತದೆ. ಹೊರಗೆ ಅದನ್ನೇ ಅಂಟಿಸಬೇಕು. ಸ್ನೇಹಿತರ ಮನೆ ವಿಳಾಸ, ಪರ್ಮಿಟ್ ನಕಲು ಒಳಗಿರಬೇಕು. ಹೊರಗೆ ನೇರವಾಗಿ ಮನೆ ವಿಳಾಸ ಬರೆದರೆ ಪರ್ಮಿಟ್ ಇದ್ದೂ ಇಲ್ಲದಂತಾಗುತ್ತದೆ.

ಯುರೋಪಿಗೆ ಒಂದೆರಡು ಪೊಟ್ಟಣಕ್ಕೂ ಫೈಟೋ ಬೇಕಾ?

ಬೇಕು. ಯುರೋಪಿನ ಒಕ್ಕೂಟದ 2016/2031 ಸಂಖ್ಯೆಯ ನಿಯಮಾವಳಿ 2019ರ ಡಿಸೆಂಬರ್ 14ರಿಂದ ಜಾರಿಯಲ್ಲಿದೆ. ಹೊರಗಿನಿಂದ ಬರುವ ಬಿತ್ತನೆ ಬೀಜಕ್ಕೆ, ಅಂಚೆಯಲ್ಲಿ ಬಂದರೂ ಸಾಮಾನಿನ ಜೊತೆ ಬಂದರೂ, ಫೈಟೋ ಕಡ್ಡಾಯ. ಸ್ವಂತ ಬಳಕೆ, ಚಿಕ್ಕ ಪ್ರಮಾಣ ಎಂಬ ರಿಯಾಯಿತಿ ಇಲ್ಲ. ಬೀಜ ದೇಶ ಬಿಡುವ ದಿನಕ್ಕೆ 14 ದಿನಕ್ಕಿಂತ ಹಿಂದೆ ಕೊಟ್ಟ ಪ್ರಮಾಣಪತ್ರ ಸಲ್ಲದು, ಆದ್ದರಿಂದ ಕೈಗೆ ಸಿಕ್ಕ ದಿನವೇ ಅಂಚೆಗೆ ಹಾಕಿ. 2021ರ ಜನವರಿ 1ರಿಂದ ಬ್ರಿಟನ್ನಿನಿಂದ ಒಕ್ಕೂಟಕ್ಕೆ ಹೋಗುವ ಬೀಜಕ್ಕೂ ಇದೇ ನಿಯಮ. ಒಕ್ಕೂಟದ ದೇಶಗಳ ನಡುವೆ ಫೈಟೋ ಬೇಡ.

ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಹೇಗೆ?

ಪಟ್ಟಿಯಲ್ಲಿಲ್ಲದ ಜಾತಿಗೆ ಎರಡರಲ್ಲೂ ಪ್ರವೇಶವಿಲ್ಲ. ಆಸ್ಟ್ರೇಲಿಯಾದ ಬೈಕಾನ್ ಎಂಬ ಸರ್ಕಾರಿ ದತ್ತಾಂಶದಲ್ಲಿ ಸಸ್ಯಶಾಸ್ತ್ರೀಯ ಹೆಸರು ಹಾಕಿ ಹುಡುಕಿದರೆ ಪ್ರವೇಶ ಇದೆಯೇ, ಪರ್ಮಿಟ್ ಬೇಕೇ, ಯಾವ ಪರೀಕ್ಷೆ ಆಗಬೇಕು ಎಂಬುದೆಲ್ಲ ಸಿಗುತ್ತದೆ. ನ್ಯೂಜಿಲೆಂಡಿನಲ್ಲಿ ಮೊದಲು ಸಸ್ಯ ಜೈವಿಕ ಸುರಕ್ಷತಾ ಸೂಚಿಯಲ್ಲಿ ಜಾತಿಯನ್ನು ನೋಡಿ, ಅಲ್ಲಿಂದ ಬಿತ್ತನೆ ಬೀಜದ ಆಮದು ಮಾನದಂಡ 155.02.05ಕ್ಕೆ ಹೋಗಿ. ಕುಲದ ಹೆಸರು ಮಾತ್ರ ಗೊತ್ತಿರುವ ಬೀಜವನ್ನು ಈ ಎರಡು ದೇಶಗಳಿಗೆ ಕಳಿಸಲೇಬೇಡಿ.

ಉಳಿದ ದೇಶಗಳದ್ದು ಎಲ್ಲಿ ಹುಡುಕಬೇಕು?

ಅಂತರರಾಷ್ಟ್ರೀಯ ಸಸ್ಯ ಸಂರಕ್ಷಣಾ ಒಪ್ಪಂದದ ಜಾಲತಾಣದಲ್ಲಿ ಪ್ರತಿ ದೇಶದ ಅಧಿಕೃತ ಸಂಪರ್ಕ ಕಚೇರಿ ಇದೆ. ಅವರಿಗೆ ಜಾತಿಯ ಹೆಸರು, ಪ್ರಮಾಣ, ಬೆಳೆದ ದೇಶ, ‘ಅಂಚೆ ಮೂಲಕ, ಬಿತ್ತನೆಗೆ’ ಎಂಬ ನಾಲ್ಕು ವಿವರ ಬರೆದು ಕೇಳಿ. ಬಂದ ಉತ್ತರವನ್ನು ಮುದ್ರಿಸಿ ಪಾರ್ಸೆಲ್ಲಿನಲ್ಲಿಟ್ಟರೆ ತಪಾಸಣೆಯಲ್ಲಿ ಉಪಯೋಗಕ್ಕೆ ಬರುತ್ತದೆ.

## ತೊಡಕಿನ ಪ್ರಶ್ನೆಗಳು

ಕಳ್ಳಿ, ಆರ್ಕಿಡ್, ಸೈಕಾಡ್ ಬೀಜಗಳಿಗೆ ಸೈಟಿಸ್ ಅನುಮತಿ ಬೇಕಾ?

ಸೈಟಿಸ್ ಅಂದರೆ ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ಹತೋಟಿಯಲ್ಲಿಡುವ ಒಪ್ಪಂದ. ಗಿಡ ಅದರ ಯಾವ ಅನುಬಂಧದಲ್ಲಿದೆ ಎಂಬುದರ ಮೇಲೆ ಹೋಗುತ್ತದೆ. 1975ರಿಂದ ಜಾರಿಯಲ್ಲಿರುವ ಈ ಒಪ್ಪಂದದ ಮೊದಲ ಅನುಬಂಧದ ಗಿಡಗಳ ಬೀಜಕ್ಕೂ ಅನುಮತಿ ಬೇಕು: ಏರಿಯೊಕಾರ್ಪಸ್ ಕಳ್ಳಿಗಳು, ಎನ್ಸೆಫಲಾರ್ಟಸ್ ಸೈಕಾಡ್‌ಗಳು ಈ ಗುಂಪಿನವು. ಎರಡನೇ ಅನುಬಂಧದ ಬಹುಪಾಲು ಕಳ್ಳಿಗಳ ಬೀಜಕ್ಕೆ ವಿನಾಯಿತಿ ಇದ್ದರೂ ಮೆಕ್ಸಿಕೋದಿಂದ ರಫ್ತಾಗುವ ಕಳ್ಳಿ ಬೀಜಕ್ಕೆ ಅದಿಲ್ಲ. ಅಲ್ಲಿನ ಕಾಡಿನಿಂದ ಬೀಜ ಕೀಳುವ ವ್ಯಾಪಾರವನ್ನು ತಡೆಯಲು ಈ ಬಿಗಿ ಬೇಕೇ ಬೇಕು. ಸೈಟಿಸ್ ವಿನಾಯಿತಿ ಇದ್ದರೂ ಫೈಟೋ ನಿಯಮ ಹಾಗೇ ಉಳಿಯುತ್ತದೆ.

ಒಂದು ದೇಶದಲ್ಲಿ ಸೊಪ್ಪು, ಇನ್ನೊಂದು ದೇಶದಲ್ಲಿ ಅಪರಾಧ ಹೇಗಾಗುತ್ತೆ?

ನೀರಿನಲ್ಲಿ ಬೆಳೆಯುವ ವಾಟರ್ ಸ್ಪಿನಾಚ್, ಐಪೊಮಿಯಾ ಅಕ್ವಾಟಿಕಾ, ಏಷ್ಯಾದಲ್ಲಿ ದಿನಬಳಕೆಯ ಸೊಪ್ಪು. ಅಮೆರಿಕದಲ್ಲಿ ಅದು ಕೇಂದ್ರ ಸರ್ಕಾರದ ನಿಷೇಧಿತ ಕಳೆಗಳ ಪಟ್ಟಿಯಲ್ಲಿದೆ, ಏಕೆಂದರೆ ಬಿಸಿ ಪ್ರದೇಶದ ಕಾಲುವೆಗಳ ಮೇಲೆ ಚಾಪೆಯಂತೆ ಹಬ್ಬಿ ನೀರಿನ ಹರಿವನ್ನೇ ಕಟ್ಟುತ್ತದೆ. ಯುರೋಪಿನ ಒಕ್ಕೂಟ ಹಿಮಾಲಯದ ಬಾಲ್ಸಮ್, ದೈತ್ಯ ಹಾಗ್‌ವೀಡ್, ಫೌಂಟನ್ ಹುಲ್ಲುಗಳನ್ನು ಆಕ್ರಮಣಕಾರಿ ಜಾತಿಗಳ ಪಟ್ಟಿಗೆ ಸೇರಿಸಿದೆ. ಅವನ್ನು ತರುವುದು, ಬೆಳೆಸುವುದು, ಹಂಚುವುದು ಎಲ್ಲಕ್ಕೂ ನಿಷೇಧ.

ಗಸಗಸೆ ಇನ್ನೊಂದು ಉದಾಹರಣೆ. 1961ರ ಮಾದಕ ವಸ್ತು ಒಪ್ಪಂದದ ವ್ಯಾಖ್ಯೆ ಬೀಜವನ್ನು ಹೊರಗಿಟ್ಟಿದ್ದರೂ, ಸಂಯುಕ್ತ ಅರಬ್ ಎಮಿರೇಟ್ಸ್‌ನಂಥ ಕಡೆ ಗಸಗಸೆ ಒಯ್ಯುವುದೇ ಗಂಭೀರ ಅಪರಾಧ. ಇಲ್ಲಿ ಬೀಜ ಹೋಗುವುದು ಮಾತ್ರವಲ್ಲ, ಪಡೆದವರು ಜೈಲಿಗೂ ಹೋಗಬಹುದು.

ಅಂಗಡಿಯಿಂದ ತಂದ ತಳಿಯ ಬೀಜ ತೆಗೆದು ಹಂಚಿದರೆ ತಳಿ ಹಕ್ಕಿನ ತೊಂದರೆ ಬರುತ್ತಾ?

ಬರಬಹುದು. ಹೊಸ ಸಸ್ಯ ತಳಿಗಳ ಹಕ್ಕನ್ನು ಕಾಯುವ ಯುಪಿಒವಿ ಒಪ್ಪಂದದ 1991ರ ರೂಪದಲ್ಲಿ ಸಂರಕ್ಷಿತ ತಳಿಯ ಬೀಜೋತ್ಪಾದನೆ, ಮಾರಾಟ, ರಫ್ತು, ಆಮದು ಎಲ್ಲಕ್ಕೂ ಹಕ್ಕುದಾರರ ಒಪ್ಪಿಗೆ ಬೇಕು. ಹಕ್ಕು ಕನಿಷ್ಠ 20 ವರ್ಷ, ಮರ ಮತ್ತು ದ್ರಾಕ್ಷಿ ಬಳ್ಳಿಗೆ 25 ವರ್ಷ. ಖಾಸಗಿ, ವ್ಯಾಪಾರವಲ್ಲದ ಬಳಕೆಗೆ ವಿನಾಯಿತಿ ಇದೆ, ಹಂಚುವುದು ಅದರೊಳಗೆ ಎಷ್ಟು ಮಟ್ಟಿಗೆ ಬರುತ್ತದೆ ಎಂಬುದನ್ನು ಆಯಾ ದೇಶದ ಕಾನೂನು ಹೇಳುತ್ತದೆ. ತಳಿಯ ಹೆಸರನ್ನು ಯುಪಿಒವಿಯ ಪ್ಲೂಟೋ ದತ್ತಾಂಶದಲ್ಲಿ ಹುಡುಕಿ. ಎಫ್1, ಅಂದರೆ ಎರಡು ತಳಿಗಳನ್ನು ಕೂಡಿಸಿದ ಮೊದಲ ಪೀಳಿಗೆ, ಎಂದಿದ್ದ ಮಾತ್ರಕ್ಕೆ ಅದು ಸಂರಕ್ಷಿತ ತಳಿ ಎಂದಲ್ಲ, ಆದರೆ ಅದರಿಂದ ತೆಗೆದ ಬೀಜ ತಾಯಿಯಂತೆ ಬರುವುದಿಲ್ಲ, ಆ ಹೆಸರಿನಲ್ಲಿ ಕಳಿಸುವುದು ಪಡೆಯುವವರಿಗೆ ಮಾಡುವ ಮೋಸ.

ಕಾಡಿನಲ್ಲಿ ಆರಿಸಿದ ಬೀಜ ಕಳಿಸಬಹುದಾ?

ಇಲ್ಲಿ ನಗೋಯಾ ಒಪ್ಪಂದ ಬರುತ್ತದೆ. 2010ರಲ್ಲಿ ಅಂಗೀಕಾರವಾಗಿ 2014ರ ಅಕ್ಟೋಬರ್ 12ರಿಂದ ಜಾರಿಗೆ ಬಂದ ಇದರ ಪ್ರಕಾರ, ಒಂದು ದೇಶದ ತಳಿ ಸಂಪನ್ಮೂಲವನ್ನು ಸಂಶೋಧನೆ, ಅಭಿವೃದ್ಧಿಗೆ ಬಳಸುವವರು ಆ ದೇಶದ ಪೂರ್ವಾನುಮತಿ ಪಡೆದು ಲಾಭ ಹಂಚಿಕೆಯ ಷರತ್ತಿಗೆ ಒಪ್ಪಬೇಕು. ಹಿತ್ತಲಲ್ಲಿ ಹೂವಿಗೆಂದು ಬೆಳೆಸುವವರ ಮೇಲೆ ಅದರ ನೇರ ಹೊರೆ ಕಡಿಮೆ. ತಳಿ ಅಭಿವೃದ್ಧಿ ಮಾಡುವವರಿಗೆ, ಬೀಜ ಮಾರುವವರಿಗೆ ಕಳಿಸುವಾಗ ಮಾತ್ರ ಕಾಗದ ಬೇಕೇ ಬೇಕು. ಅರಣ್ಯ ಮತ್ತು ರಕ್ಷಿತ ಪ್ರದೇಶದ ಕಾನೂನು ಇದಕ್ಕೂ ಮೊದಲಿನದು. ಆರಿಸಿದ್ದೇ ಅಪರಾಧವಾಗಿದ್ದರೆ ಮುಂದಿನ ಯಾವ ಪ್ರಮಾಣಪತ್ರವೂ ಅದನ್ನು ಸರಿಮಾಡುವುದಿಲ್ಲ.

ನನಗೆ ಬೇರೆ ದೇಶದಿಂದ ಬಂದ ಬೀಜವನ್ನು ಮೂರನೆಯ ದೇಶಕ್ಕೆ ಕಳಿಸಬೇಕು. ಏನು ಮಾಡಲಿ?

ಆಗ ಬೇಕಾದ್ದು ಮರುರಫ್ತಿನ ಫೈಟೋ. ಮೂಲ ದೇಶದ ಪ್ರಮಾಣಪತ್ರ ಇಲ್ಲದಿದ್ದರೆ ಅದು ಸಿಗುವುದು ಕಷ್ಟ, ಹಾಗಾಗಿ ನಿಮಗೆ ಬಂದ ಕಾಗದವನ್ನು ಬೀಜ ಮುಗಿಯುವ ತನಕ ಜೋಪಾನವಾಗಿಡಿ. ಇನ್ನೊಂದು ದಾರಿ, ಅದನ್ನು ನಿಮ್ಮಲ್ಲೇ ಬಿತ್ತಿ ಒಂದು ಪೀಳಿಗೆ ಬೆಳೆಸಿ, ಆ ಬೀಜವನ್ನು ಸ್ಥಳೀಯವಾಗಿ ಬೆಳೆದದ್ದೆಂದು ಕಳಿಸುವುದು. ಒಂದು ಋತು ಕಾಯಬೇಕಾದರೂ ಇದೇ ಮೇಲು.

ತಳಿಮಾರ್ಪಾಡು ಹೊಂದಿದ ಬೀಜ ಮನೆ ತೋಟದಲ್ಲಿ ಎಲ್ಲಿಂದ ಬರುತ್ತೆ?

ಗೊತ್ತಿಲ್ಲದೆಯೂ ಬಂದಿದೆ. 2017ರಲ್ಲಿ ಫಿನ್ಲೆಂಡಿನಲ್ಲಿ ಕಿತ್ತಳೆ ಬಣ್ಣದ ಪೆಟೂನಿಯಾಗಳಲ್ಲಿ ಮೆಕ್ಕೆಜೋಳದ ಜೀನ್ ಪತ್ತೆಯಾಗಿ, ಯುರೋಪು, ಅಮೆರಿಕದಲ್ಲಿ ಹಲವು ತಳಿಗಳನ್ನು ಮಾರುಕಟ್ಟೆಯಿಂದ ಹಿಂತೆಗೆದುಕೊಳ್ಳಬೇಕಾಯಿತು. ಆ ಬಣ್ಣದ ಹಳೆಯ ಪೆಟೂನಿಯಾ ಬೀಜ ನಿಮ್ಮಲ್ಲಿದ್ದರೆ ಗಡಿ ದಾಟಿಸಬೇಡಿ.

ಹಿಡಿದರೆ ಏನಾಗುತ್ತೆ?

ಬಹಳ ಸಲ ಪೊಟ್ಟಣ ನಾಶವಾಗುತ್ತದೆ, ಪಡೆಯುವವರಿಗೆ ಒಂದು ನೋಟಿಸ್ ಹೋಗುತ್ತದೆ. ಕೆಲವು ಕಡೆ ಅವರ ಖರ್ಚಿನಲ್ಲಿ ವಾಪಸ್ ಕಳಿಸುವ ಅಥವಾ ಉಪಚಾರ ಮಾಡಿಸುವ ಆಯ್ಕೆ ಇರುತ್ತದೆ. ಸುಳ್ಳು ಘೋಷಣೆ, ನಿಷೇಧಿತ ಜಾತಿ, ಪದೇ ಪದೇ ಮಾಡಿದ ತಪ್ಪು ಇದ್ದರೆ ದಂಡ. ಗಮನಿಸಿ, ಸಿಕ್ಕಿಬೀಳುವವರು ಸಾಮಾನ್ಯವಾಗಿ ಆ ದೇಶದಲ್ಲಿ ಇರುವ ನಿಮ್ಮ ಸ್ನೇಹಿತರು. ಅವರು ಕೇಳದೆ, ಅವರಿಗೆ ತಿಳಿಸದೆ ಬೀಜ ಕಳಿಸಬೇಡಿ.

ನಾನು ತರಿಸದೇ ಇದ್ದ ಬೀಜದ ಪೊಟ್ಟಣ ಬಂದಿದೆ. ಬಿತ್ತಲಾ, ಬಿಸಾಡಲಾ?

ಎರಡೂ ಬೇಡ. 2020ರಲ್ಲಿ ಹಲವು ದೇಶಗಳ ಮನೆಗಳಿಗೆ, ಆಭರಣ ಎಂದು ಚೀಟಿ ಅಂಟಿಸಿದ ಬೀಜದ ಪೊಟ್ಟಣಗಳು ಬಂದವು. ಅಮೆರಿಕದಲ್ಲಿ ಪರೀಕ್ಷಿಸಿದಾಗ ಬಹುಪಾಲು ಮಾಮೂಲಿ ತರಕಾರಿ, ಹೂವಿನ ಬೀಜಗಳು ಸಿಕ್ಕವು. ಅವುಗಳ ನಡುವೆ ಕಸ್ಕ್ಯೂಟಾ ಎಂಬ ಪರಾವಲಂಬಿ ಬಳ್ಳಿಯ ಬೀಜವೂ ಇತ್ತು. ಕಸದ ಬುಟ್ಟಿಗೆ ಹಾಕಿದರೆ ಕಸದ ಗುಂಡಿಯಲ್ಲಿ ಮೊಳೆಯುತ್ತದೆ, ನೀರಿಗೆ ಬಿಟ್ಟರೆ ಹೊಳೆದಂಡೆಯಲ್ಲಿ. ಪೊಟ್ಟಣ ತೆರೆಯದೆ, ಹೊರಗಿನ ಕವರನ್ನೂ ಸೇರಿಸಿ ಇನ್ನೊಂದು ಚೀಲದಲ್ಲಿ ಮುಚ್ಚಿಡಿ. ನಿಮ್ಮ ದೇಶದ ಸಸ್ಯ ಸಂರಕ್ಷಣಾ ಸಂಸ್ಥೆಗೆ ತಿಳಿಸಿ, ಅವರು ಹೇಳಿದ ವಿಳಾಸಕ್ಕೆ ಒಪ್ಪಿಸಿ. ತೆರೆದುಬಿಟ್ಟಿದ್ದರೆ ಉದುರಿದ ಕಾಳನ್ನೆಲ್ಲ ಆರಿಸಿ ಅದೇ ಚೀಲಕ್ಕೆ ಹಾಕಿ. ಬಿತ್ತಿಯೂ ಆಗಿದ್ದರೆ ಸಸಿಯನ್ನು ಕೀಳದೆ ಅವರು ಬರುವ ತನಕ ಹಾಗೇ ಬಿಡಿ.